ಗ್ಲೋವ್ ಬಾಕ್ಸ್ ರಿಪೇರಿಗೆ ಕೊಡುವವರು ಡ್ರಿಲ್ ಮುಟ್ಟಲು ಬಿಡಬೇಡಿ

ಹಳೆಯ ಕಾರಿನ ಗ್ಲೋವ್ ಬಾಕ್ಸ್ ಮುಚ್ಚಳ ಒಂದು ಬದಿಗೆ ವಾಲಿದೆ, ಸರಿಯಾಗಿ ಕೂರುತ್ತಿಲ್ಲ ಎಂದು ಗ್ಯಾರೇಜಿಗೆ ಕೊಡುವವರಿದ್ದರೆ ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಡಿ: ಡ್ರಿಲ್ ಹಾಕುವಂತಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಕಾರಿನ ಗ್ಲೋವ್ ಬಾಕ್ಸಿನ ಹಿಂದಿರುವ ಎಸಿ ಪೆಟ್ಟಿಗೆ ತೂತಾಯಿತು.

ನಮ್ಮದು 2006ರ ಕಾರು. ಮುಚ್ಚಳದ ಎಡಮೂಲೆ ಜೋತುಬಿದ್ದು, ಹೊಂಡಕ್ಕೆ ಇಳಿದಾಗಲೆಲ್ಲ ತಾನಾಗಿ ತೆರೆದುಕೊಂಡು ಪಕ್ಕದಲ್ಲಿ ಕುಳಿತವರ ಮೊಣಕಾಲಿಗೆ ಬಡಿಯುತ್ತಿತ್ತು. ಉಡುಪಿಯಲ್ಲಿ ಬೈಪಾಸ್ ಪಕ್ಕದ ಗ್ಯಾರೇಜೊಂದರಲ್ಲಿ ತೋರಿಸಿದೆ. "ಇದಕ್ಕೆಲ್ಲ ಯಾಕೆ ತಲೆಬಿಸಿ ಮಾರಾಯರೇ, ಎರಡು ಸ್ಕ್ರೂ ಹೊಡೆದರೆ ಮುಗಿಯಿತು" ಎಂದರು. ಹೊಡೆದೇಬಿಟ್ಟರು. ಮಾಡಿನ ತಗಡು ಕೂರಿಸಲು ಬಳಸುತ್ತಾರಲ್ಲ, ಅಂಥ ಬೆರಳುದ್ದದ ಸ್ಕ್ರೂಗಳು, ಬಿಜಾಗರಿಯ ಬುಡದಿಂದ ನೇರ ಒಳಕ್ಕೆ. ಬಿರುಕಿಗೆ ಸೂಪರ್ ಗ್ಲೂ ಬೇರೆ. ಮುಚ್ಚಳದ ಹಿಂಬದಿಯಲ್ಲಿ 'ಪಿಪಿ', ಅಂದರೆ ಪಾಲಿಪ್ರೊಪಿಲೀನ್ ಎಂಬ ಅಚ್ಚು ಎದ್ದು ಕಾಣುತ್ತದೆ. ಆ ಪ್ಲಾಸ್ಟಿಕ್ಕಿಗೆ ಈ ಅಂಟು ನಿಲ್ಲುವುದಿಲ್ಲ. ಅಂಟಿನ ಹಬೆ ತಾಗಿ ಸುತ್ತಲಿನ ಕಪ್ಪು ಡ್ಯಾಶ್‌ಬೋರ್ಡ್ ಬೆಳ್ಳಗೆ ಮಸುಕಾದದ್ದಷ್ಟೇ ಲಾಭ.

ಆಮೇಲೆ ಎಡಬದಿಯ ಕಾಲಡಿಯ ಮ್ಯಾಟ್ ಒದ್ದೆಯಾಗತೊಡಗಿತು. ಜೂನ್ ತಿಂಗಳು, ಮಳೆ ನೀರೆಂದೇ ಎಲ್ಲರೂ ಹೇಳಿದರು. ಬಾಗಿಲಿನ ರಬ್ಬರ್ ಬದಲಿಸಿ ಎಂದು ಅದೇ ಗ್ಯಾರೇಜಿನವರೂ ಹೇಳಿದರು! ಆದರೆ ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರಿನೊಳಗೆ ಮ್ಯಾಟ್ ಒಣಗಿಯೇ ಇರುತ್ತಿತ್ತು. ಎಸಿ ಹಾಕಿಕೊಂಡು ಮಂಗಳೂರು ತಲುಪುವಾಗ ಹಿಂಡಿದರೆ ನೀರು ಸುರಿಯುತ್ತಿತ್ತು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಅದು ಎಸಿ ಪೆಟ್ಟಿಗೆಯೊಳಗಿನ ಕೂಲಿಂಗ್ ಕಾಯಿಲ್ ಮೇಲೆ ನೀರಾಗಿ, ಪೆಟ್ಟಿಗೆಯ ತಳದ ಕೊಳವೆಯಿಂದ ಕಾರಿನ ಅಡಿಗೆ ಇಳಿದುಹೋಗಬೇಕು. ಇಲ್ಲಿ ಸ್ಕ್ರೂ ಕೊರೆದ ತೂತೇ ಅದಕ್ಕೆ ದಾರಿಯಾಗಿತ್ತು.

ಪತ್ತೆ ಹಚ್ಚಿದವರು ಮಂಗಳೂರಿನ ಕಂಕನಾಡಿ ಕಡೆಯ ಎಸಿ ಮೆಕ್ಯಾನಿಕ್. ಸ್ಕ್ರೂ ತೆಗೆದು, ಡಬ್ಬಿಯ ಎರಡೂ ಬದಿಯನ್ನು ಒಳಕ್ಕೆ ಒತ್ತಿ ಎಳೆದರು; ಇಡೀ ಗ್ಲೋವ್ ಬಾಕ್ಸ್ ಅವರ ಕೈಗೆ ಬಂತು. ಹಿಂದೆ ಬ್ಲೋವರ್, ತಂತಿಗಳ ಕಟ್ಟು, ಎಸಿ ಪೆಟ್ಟಿಗೆ. ಒಂದು ಸ್ಕ್ರೂವಿನ ಮೊನೆ ಕಾಯಿಲ್‌ಗೆ ಇನ್ನೇನು ತಾಗುವಂತಿತ್ತು. ತಾಗಿದ್ದರೆ ಗ್ಯಾಸ್ ಹೋಗಿ, ಹೊಸ ಕಾಯಿಲ್ ಹಾಕಿಸಬೇಕಿತ್ತು.

ಅಸಲಿ ದೋಷ ಎರಡೇ. ಬಿಜಾಗರಿಯ ಎಡಬದಿಯ ಪಿನ್ನು ಸವೆದಿತ್ತು. ಮೇಲೆ ಚಿಲಕ ಸಿಕ್ಕಿಕೊಳ್ಳುವ ಕೊಂಡಿ ಸಡಿಲವಾಗಿ ಜಾರಿತ್ತು. ಆ ಕೊಂಡಿಯ ಸ್ಕ್ರೂ ತೂತುಗಳನ್ನು ಉದ್ದುದ್ದವಾಗಿ ಮಾಡಿರುವುದೇ ಹೊಂದಿಸಲಿಕ್ಕೆ: ಸ್ವಲ್ಪ ಸಡಿಲಿಸಿ, ಮುಚ್ಚಳದ ಸುತ್ತ ಸಂದು ಸಮವಾಗುವಂತೆ ಸರಿಸಿ, ಬಿಗಿ ಮಾಡಿದರಾಯಿತು. ಗುಜರಿಯಲ್ಲಿ ಅದೇ ಮಾದರಿಯ ಮುಚ್ಚಳ ಸಿಕ್ಕಿತು. ಮುಚ್ಚಳಕ್ಕಿಂತ ಎಸಿ ಪೆಟ್ಟಿಗೆ ಬಿಚ್ಚಿ ಮುಚ್ಚಿದ ಕೂಲಿಯೇ ಜಾಸ್ತಿ. ಅದನ್ನು ಕೊಡಿ ಎಂದು ಉಡುಪಿಯ ಗ್ಯಾರೇಜಿನವರನ್ನು ಕೇಳಿದರೆ, "ನಾವು ಮಾಡಿದ್ದು ಮುಚ್ಚಳದ ಕೆಲಸ, ಎಸಿ ನಮಗೆ ಸಂಬಂಧವಿಲ್ಲ" ಎಂಬ ಉತ್ತರ.

ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇರುವ ಕಾರಾದರೆ ಇನ್ನೂ ಜಾಗ್ರತೆ. ಅದು ಇರುವುದು ಗ್ಲೋವ್ ಬಾಕ್ಸಿನ ನೆತ್ತಿಯ ಮೇಲೆಯೇ. ಏರ್‌ಬ್ಯಾಗ್ ತಂತಿಯ ಹಳದಿ ಕನೆಕ್ಟರ್ ಕಂಡರೆ ಯಾರೂ ಅದಕ್ಕೆ ಕೈ ಹಾಕದಂತೆ ನೋಡಿಕೊಳ್ಳಿ.