ಅಣುಮಾದರಿ ಕಿಟ್: ಫಾರ್ಮಸಿ ಓದಿನುದ್ದಕ್ಕೂ ಬಳಸಿದ ಮೇಲಿನ ಅಭಿಪ್ರಾಯ

ಫಾರ್ಮಸಿ ಪದವಿಯ ಮೊದಲ ವರ್ಷದಲ್ಲಿ ಕೊಂಡ, ಪರಮಾಣುಗಳಿಗೆ ಚೆಂಡು, ಬಂಧಗಳಿಗೆ ಕಡ್ಡಿ ಇರುವ ಪ್ಲಾಸ್ಟಿಕ್ ಅಣುಮಾದರಿ ಕಿಟ್ಟನ್ನು ಕೊನೆಯ ವರ್ಷದ ಔಷಧೀಯ ರಸಾಯನಶಾಸ್ತ್ರದವರೆಗೂ ಬಳಸಿದ್ದೇನೆ. ಈಗ ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗಲೂ ಅದೇ ಡಬ್ಬಿ ಮೇಜಿನ ಮೇಲಿರುತ್ತದೆ. ಕಪ್ಪು ಇಂಗಾಲ, ಬಿಳಿ ಜಲಜನಕ, ಕೆಂಪು ಆಮ್ಲಜನಕ, ನೀಲಿ ಸಾರಜನಕ ಎಂಬ ಬಣ್ಣಗಳ ಪದ್ಧತಿಯನ್ನು 1865ರಲ್ಲಿ ರಸಾಯನಶಾಸ್ತ್ರಜ್ಞ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ ಲಂಡನ್ನಿನ ಉಪನ್ಯಾಸವೊಂದರಲ್ಲಿ ಕ್ರೋಕೆ ಆಟದ ಚೆಂಡುಗಳಿಂದ ಮಾಡಿ ತೋರಿಸಿದ ಮಾದರಿಗಳಲ್ಲಿಯೇ ಕಾಣಬಹುದು. ಆದರೆ ಆ ಮಾದರಿಗಳು ಚಪ್ಪಟೆಯಾಗಿದ್ದವು. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿರುತ್ತವೆ ಎಂದು ವಾಂಟ್ ಹಾಫ್ ಮತ್ತು ಲ ಬೆಲ್ ತಮ್ಮಷ್ಟಕ್ಕೆ ತಾವು ಪ್ರತಿಪಾದಿಸಿದ್ದು 1874ರಲ್ಲಿ. ಇಂದಿನ ಕಿಟ್ಟಿನ ಕಪ್ಪು ಚೆಂಡಿನಲ್ಲಿ 109.5 ಡಿಗ್ರಿಗೆ ಕೊರೆದ ನಾಲ್ಕು ತೂತುಗಳಿರುವುದರಿಂದ, ಆ ಕೋನವನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ಈ ಕಿಟ್ಟಿನ ನಿಜವಾದ ಬೆಲೆ ತಿಳಿಯುವುದು ಕೈರಲ್ ಔಷಧಗಳ, ಅಂದರೆ ಎಡಗೈ-ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ರೂಪಗಳಿರುವ ಔಷಧಗಳ ಪಾಠದಲ್ಲಿ. ಪುಟದ ಮೇಲೆ ಮುಂದಕ್ಕೆ ಚಾಚಿದ ಬಂಧದ ಬೆಣೆಗೆರೆ, ಹಿಂದಕ್ಕೆ ಚಾಚಿದ ಬಂಧದ ಚುಕ್ಕಿಗೆರೆಗಳಾಗಿ ಮಾತ್ರ ಕಾಣುವ ವ್ಯತ್ಯಾಸ ಇಲ್ಲಿ ಕೈಗೆ ಸಿಗುತ್ತದೆ. ಅಡ್ರಿನಲಿನ್ನಿನ ಎರಡು ಪ್ರತಿಬಿಂಬ ರೂಪಗಳನ್ನು ಕಟ್ಟಿ, ಮೇಜಿನ ಮೇಲೆ ಮೂರು ಗುರುತು ಹಾಕಿ ಅದನ್ನೇ ರಿಸೆಪ್ಟರ್ (ದೇಹದಲ್ಲಿ ಔಷಧ ಬಂದು ಕೂರುವ ಜಾಗ) ಎಂದುಕೊಳ್ಳಿ. ಆ ಎರಡು ರೂಪಗಳಿಗೆ ಆರ್, ಎಸ್ ಎಂದು ಹೆಸರು. ಆರ್ ರೂಪದ ಬೆನ್ಜೀನ್ ಉಂಗುರ, ಅಮೈನ್ (ಸಾರಜನಕದ ಗುಂಪು) ಇರುವ ತೋಳು ಮತ್ತು ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಗುಂಪು) ಮೂರೂ ಒಟ್ಟಿಗೆ ಆ ಗುರುತುಗಳ ಮೇಲೆ ಕೂರುವಂತೆ ಹೊಂದಿಸಿ. ನಂತರ ಎಸ್ ರೂಪದ ಉಂಗುರವನ್ನೂ ಅಮೈನನ್ನೂ ಅದೇ ಜಾಗದಲ್ಲಿ ಇಟ್ಟರೆ, ಹೈಡ್ರಾಕ್ಸಿಲ್ ಬರಬೇಕಾದಲ್ಲಿ ಬರಿಯ ಜಲಜನಕ ಬಂದು ಕೂರುತ್ತದೆ, ಕೆಂಪು ಚೆಂಡು ಮೇಲಕ್ಕೆ ಮುಖ ಮಾಡುತ್ತದೆ. ಈಸನ್ ಮತ್ತು ಸ್ಟೆಡ್‌ಮನ್ 1933ರಲ್ಲಿ ಮಂಡಿಸಿದ ಮೂರು ಬಿಂದುಗಳ ಸಂಪರ್ಕದ ವಾದ ಇದೇ. ಎಸ್ ರೂಪದ ಪ್ರಭಾವ ಏಕೆ ಬಹಳ ಕಡಿಮೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯ ಉಪಕಾರ ಪೆನಿಸಿಲಿನ್ನಿನ ಪಾಠದಲ್ಲಿ. ಆರು ಇಂಗಾಲಗಳ ಸೈಕ್ಲೋಹೆಕ್ಸೇನ್ ಯಾವ ಒತ್ತಾಯವೂ ಇಲ್ಲದೆ ಕುರ್ಚಿಯಂತೆ ಕಾಣುವ ಚೇರ್ ವಿನ್ಯಾಸಕ್ಕೆ ಬರುತ್ತದೆ. ಆದರೆ ಪೆನಿಸಿಲಿನ್ನಿನಲ್ಲಿರುವ ಬೀಟಾ-ಲ್ಯಾಕ್ಟಮ್ ಎಂಬ ನಾಲ್ಕು ಚೆಂಡುಗಳ ಉಂಗುರವನ್ನು ಮುಚ್ಚಲು ಹೋದರೆ ಕಡ್ಡಿಗಳು ಬಿಲ್ಲಿನಂತೆ ಬಾಗುತ್ತವೆ, ಸ್ವಲ್ಪ ಅಲುಗಿದರೂ ಒಂದು ತುದಿ ಚಿಮ್ಮಿ ಹೊರಬರುತ್ತದೆ. ಸುಮಾರು 90 ಡಿಗ್ರಿಗೆ ಹಿಂಡಿದ ಕೋನಗಳು, ಜೊತೆಗೆ ಅಂಟಿಕೊಂಡ ಐದರ ಉಂಗುರದಿಂದಾಗಿ ಸಮತಟ್ಟಾಗಲಾರದ ಸಾರಜನಕ, ಇವೆರಡರಿಂದ ಅಮೈಡಿನ (ಕಾರ್ಬೊನಿಲ್, ಅಂದರೆ ಆಮ್ಲಜನಕಕ್ಕೆ ಜೋಡಿ ಬಂಧವಿರುವ ಇಂಗಾಲ, ಸಾರಜನಕಕ್ಕೆ ಸೇರಿದ ಭಾಗ) ಸಹಜ ಸ್ಥಿರತೆ ಕುಂದುತ್ತದೆ. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕಿಣ್ವದ ಸೆರಿನ್ ಎಂಬ ಅಮೈನೋ ಆಮ್ಲ ಈ ಕಾರ್ಬೊನಿಲ್ ಮೇಲೆ ಎರಗಿದಾಗ ಉಂಗುರ ಬಿಚ್ಚಿಕೊಂಡು ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಪೆನಿಸಿಲಿನ್ ಜಿ ಹೊಟ್ಟೆಯ ಆಮ್ಲದಲ್ಲಿ ಹಾಳಾಗುವುದಕ್ಕೂ ಈ ಬಿಗಿತವೇ ಒಂದು ಕಾರಣ. ಔಷಧದ ಗುಣ ಮತ್ತು ದೌರ್ಬಲ್ಯ ಎರಡೂ ಒಂದೇ ಉಂಗುರದಿಂದ ಬಂದವು ಎಂಬುದನ್ನು ಬೆರಳುಗಳು ಒಮ್ಮೆ ಅರಿತರೆ ಆ ಪಾಠ ಮರೆಯುವುದಿಲ್ಲ.

ಆದರೆ ಈ ಕಿಟ್ಟು ಎಲೆಕ್ಟ್ರಾನುಗಳ ವಿಷಯದಲ್ಲಿ ಮೌನವಾಗಿರುತ್ತದೆ, ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. ಬೆನ್ಜೀನನ್ನು ಒಂಟಿ, ಜೋಡಿ ಕಡ್ಡಿಗಳಿಂದ ಕಟ್ಟಬೇಕಾಗುತ್ತದೆ. ವಾಸ್ತವದಲ್ಲಿ ಅದರ ಆರೂ ಬಂಧಗಳ ಉದ್ದ ಒಂದೇ. ಅಮೈಡಿನ ಸಾರಜನಕಕ್ಕೆ ಸಮತಟ್ಟಾದ ಮೂರು ತೂತಿನ ಚೆಂಡು ಬೇಕು, ನನ್ನ ಕಿಟ್ಟಿನಲ್ಲಿ ಅದು ಇರಲಿಲ್ಲ. ಆಮ್ಲ-ಪ್ರತ್ಯಾಮ್ಲಗಳ ವಿಚಾರವಂತೂ ಪೂರ್ತಿ ಹೊರಗೇ ಉಳಿಯುತ್ತದೆ. ನೋವು ತಿಳಿಯದಂತೆ ಮರಗಟ್ಟಿಸುವ ಲಿಡೊಕೇಯ್ನಿನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಪಡೆದಿರುವ ಪಿಎಚ್) ಸುಮಾರು 7.9 ಆಗಿರುವುದರಿಂದ ದೇಹದ 7.4 ಪಿಎಚ್‌ನಲ್ಲಿ ಅದರ ಕಾಲು ಭಾಗದಷ್ಟು ಮಾತ್ರ ವಿದ್ಯುದಾವೇಶವಿಲ್ಲದೆ ಉಳಿದು ನರದ ಪೊರೆಯನ್ನು ದಾಟುತ್ತದೆ, ಒಳಗೆ ಮತ್ತೆ ಪ್ರೋಟಾನ್ ಪಡೆದು ಸೋಡಿಯಂ ನಾಳವನ್ನು ತಡೆಯುತ್ತದೆ. ಈ ಲೆಕ್ಕಕ್ಕೆ ಹೆಂಡರ್ಸನ್-ಹ್ಯಾಸೆಲ್‌ಬಾಲ್ಕ್ ಸಮೀಕರಣವೂ ಕಾಗದವೂ ಬೇಕು. ಕ್ರಿಯೆಯ ಹಂತಗಳನ್ನು ತೋರಿಸುವ ಬಾಗಿದ ಬಾಣಗಳನ್ನೂ ಕೈಯಿಂದ ಬರೆದೇ ಕಲಿಯಬೇಕು.

ಬಾಳಿಕೆಯ ಬಗ್ಗೆ ದೂರಿಲ್ಲ. ಚೆಂಡುಗಳು ಹೊಸದರಂತೆಯೇ ಇವೆ; ಜೋಡಿ ಬಂಧಕ್ಕೆ ಬಳಸುವ ಉದ್ದನೆಯ ಬಳುಕುವ ಕಡ್ಡಿಗಳು ಮಾತ್ರ ಬಾಗಿದಲ್ಲಿ ಬಿಳಿಚಿಕೊಂಡು ಒಂದೊಂದಾಗಿ ಸೀಳುತ್ತಿವೆ. ಕೊಳ್ಳುವವರು ಬಿಡಿ ಕಡ್ಡಿಗಳು ಸಿಗುತ್ತವೆಯೇ ಎಂದು ಮೊದಲು ವಿಚಾರಿಸಲಿ, ಇಂಗಾಲದ ಚೆಂಡುಗಳನ್ನು ಎಣಿಸಲಿ. ಟೆಸ್ಟೊಸ್ಟೆರೋನ್ ಎಂಬ ಸ್ಟೀರಾಯ್ಡ್ ಒಂದಕ್ಕೇ 19 ಇಂಗಾಲಗಳು ಬೇಕು. ಸ್ಟೀರಾಯ್ಡಿನ ಮೊದಲ ಎರಡು ಉಂಗುರಗಳು ಸಿಸ್ ಆಗಿ (ಸೇರುವೆಡೆಯ ಗುಂಪುಗಳು ಒಂದೇ ಬದಿಗೆ) ಸೇರಿದಾಗ ಮತ್ತು ಟ್ರಾನ್ಸ್ ಆಗಿ (ಎದುರುಬದುರು ಬದಿಗೆ) ಸೇರಿದಾಗ ಅಣುವಿನ ಬಾಗು ಹೇಗೆ ಬದಲಾಗುತ್ತದೆ ಎಂದು ಅಕ್ಕಪಕ್ಕ ಇಟ್ಟು ನೋಡಲು ಸಣ್ಣ ಕಿಟ್ಟು ಸಾಲದು. ಇಬ್ಬರು ಸಹಪಾಠಿಗಳು ಒಂದೇ ಬಗೆಯ ಕಿಟ್ಟುಗಳನ್ನು ಕೊಂಡು ಆ ಪಾಠಕ್ಕೆ ಒಟ್ಟಿಗೆ ಕುಳಿತರೆ ಈ ಕೊರತೆ ನೀಗುತ್ತದೆ.