ಲೋಡ್ ಹೊರುವ ಗಾಡಿಗೆ ‘ಪರ್ಫಾರ್ಮೆನ್ಸ್ ಕ್ಯಾಮ್’ ಹಾಕಿಸುವ ಮುಂಚೆ ಇದನ್ನು ಓದಿ

ಪೆಟ್ರೋಲ್ ಮಿನಿ ಟ್ರಕ್ ಇಟ್ಟುಕೊಂಡು ಬಾಡಿಗೆ ಹೊಡೆಯುವವರು, ತೋಟದ ಮಾಲು ಸಾಗಿಸುವವರು ದಯವಿಟ್ಟು ಪೂರ್ತಿ ಓದಿ. ಕ್ಯಾಮ್ (ಇಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಶಾಫ್ಟ್) ಬದಲಾಯಿಸಿದರೆ ಇಂಜಿನ್ ಪವರ್ ಜಾಸ್ತಿ ಆಗುತ್ತದೆ ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ನಾನು ಒಪ್ಪಿದೆ. 45,000 ರೂಪಾಯಿ ಹೋಯಿತು. ದುಡ್ಡು ಹೋಗಲಿ, ತೇರಹಳ್ಳಿ ಬೆಟ್ಟದ ತಿರುವಿನಲ್ಲಿ ಒಂದು ದಿನ ಎರಡು ಜೀವ ಹೋಗುವುದರಲ್ಲಿತ್ತು.

ನನ್ನದು 1.2 ಲೀಟರ್ ಇಂಜಿನ್ನಿನ ಗಾಡಿ. ಕೋಲಾರದಿಂದ ಬೆಟ್ಟದ ಮೇಲಿನ ಹಳ್ಳಿಗಳಿಗೆ ಗೊಬ್ಬರದ ಮೂಟೆ, ಖಾಲಿ ಬಾಕ್ಸು ಸಾಗಿಸುತ್ತೇನೆ. ಬರುವಾಗ ಎಪಿಎಂಸಿಗೆ ಟೊಮ್ಯಾಟೊ. ಹೋದ ವರ್ಷ ಹೆಡ್ ಗ್ಯಾಸ್ಕೆಟ್ ಹೋಯಿತು. ಪರಿಚಯದವರು ಹೇಳಿದರು ಎಂದು ಬೆಂಗಳೂರಿನ ಒಂದು ಗ್ಯಾರೇಜಿಗೆ ಬಿಟ್ಟೆ. ಜೀಪು, ರೇಸ್ ಗಾಡಿ ಎಲ್ಲ ಮಾಡುವ ಜಾಗ. ಅಲ್ಲಿನ ಹುಡುಗ, “ಅಣ್ಣಾ, ಹೆಂಗಿದ್ರೂ ಹೆಡ್ ಬಿಚ್ಚಿದ್ದೀವಿ. ನಿಮ್ಮ ಕ್ಯಾಮನ್ನೇ ಗ್ರೈಂಡ್ ಮಾಡಿಸಿ ಹಾಕ್ತೀನಿ. ಬೆಟ್ಟ ಸುಮ್ನೆ ಹತ್ತುತ್ತೆ ನೋಡಿ” ಎಂದ. ಮೊಬೈಲಿನಲ್ಲಿ ಅಮೆರಿಕದ ಪಿಕಪ್ ಟ್ರಕ್‌ಗಳ ವಿಡಿಯೋ ತೋರಿಸಿದ. ನಿಂತಲ್ಲೇ ಧಡ್ ಧಡ್ ಎಂದು ಕುಣಿಯುವ ಇಂಜಿನ್. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. 14,000ಕ್ಕೆ ಒಪ್ಪಿದೆ.

ಆ ಟ್ರಕ್‌ಗಳದ್ದು 5.3 ಲೀಟರ್, ಎಂಟು ಸಿಲಿಂಡರ್ ಇಂಜಿನ್. ಇಂಜಿನ್ ನಿಧಾನವಾಗಿ ತಿರುಗುವಾಗಿನ ಎಳೆತ (ಟಾರ್ಕ್) ಸ್ವಲ್ಪ ಹೋದರೂ ಅವಕ್ಕೆ ಇನ್ನೂ ಬೇಕಾದಷ್ಟು ಉಳಿಯುತ್ತದೆ. ಅಂಥ ಇಂಜಿನ್‌ಗೆ ಹದವಾಗಿರುವ ಅಳತೆ ನಮ್ಮ ಸಣ್ಣ ಇಂಜಿನ್‌ಗೆ ವಿಪರೀತ. ಇದನ್ನು ಯಾರೂ ಹೇಳಲಿಲ್ಲ.

ಮೊದಲ ಲೋಡ್ 12 ಮೂಟೆ ಡಿಎಪಿ ಗೊಬ್ಬರ. 600 ಕೆಜಿ. ಮುಂಚೆ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿನಲ್ಲಿ ಗಾಡಿ ಒಂದನೇ ಗೇರಿಗೂ ಉಸಿರು ಕಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಗೊರ್ ಎನ್ನುತ್ತದೆ, ಎಳೆಯುವುದಿಲ್ಲ. ಕ್ಲಚ್ ಅರ್ಧ ಹಿಡಿದು ರೇಸ್ ಜಾಸ್ತಿ ಕೊಟ್ಟರೆ ಮಾತ್ರ ಮುಂದೆ ಹೋಗುತ್ತದೆ. ಮೇಲೆ ತಲುಪುವಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ. ಫೋನ್ ಮಾಡಿದರೆ, “ಸೆಟ್ ಆಗೋಕೆ ಟೈಮ್ ಬೇಕು ಅಣ್ಣಾ” ಎಂದ.

ಇದು ಸೆಟ್ ಆಗುವ ವಿಷಯ ಅಲ್ಲವೇ ಅಲ್ಲ. ಆಮೇಲೆ ಟೇಕಲ್ ರಸ್ತೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಿಡಿಸಿ ಹೇಳಿದರು. ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಕ್ಯಾಮಿನ ಮೇಲಿನ ಉಬ್ಬು, ಅಂದರೆ ಲೋಬ್, ತೀರ್ಮಾನ ಮಾಡುತ್ತದೆ. ಅದನ್ನೇ ಡ್ಯೂರೇಶನ್ ಎನ್ನುತ್ತಾರೆ, ಡಿಗ್ರಿಯಲ್ಲಿ ಅಳೆಯುತ್ತಾರೆ. ನನಗೆ ಹಾಕಿದಂಥ ರೇಸ್ ಕ್ಯಾಮಿನಲ್ಲಿ, ಗಾಳಿ ಒಳಗೆ ಬಿಡುವ ಇನ್ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಇಂಜಿನ್ ಜೋರಾಗಿ ತಿರುಗುವಾಗ ನುಗ್ಗಿ ಬರುವ ಗಾಳಿ ಅದೇ ರಭಸದಲ್ಲಿ ಇನ್ನೂ ಒಳಗೆ ತುಂಬುತ್ತದೆ, ಆಗ ಲಾಭ. ನಿಧಾನವಾಗಿ ತಿರುಗುವಾಗ ಆ ರಭಸ ಇರುವುದಿಲ್ಲ. ಪಿಸ್ಟನ್ ಮೇಲೆ ಬರುತ್ತಾ, ಎಳೆದುಕೊಂಡ ಗಾಳಿ-ಪೆಟ್ರೋಲನ್ನು ಬಂದ ದಾರಿಯಲ್ಲೇ ವಾಪಸ್ ತಳ್ಳುತ್ತದೆ. ಕಂಪ್ರೆಶನ್ನೇ ಸರಿಯಾಗಿ ಸಿಗದಿದ್ದರೆ ಎಳೆತ ಎಲ್ಲಿಂದ ಬರಬೇಕು?

ನನ್ನ ಗಾಡಿಯಲ್ಲಿ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ) ತೋರಿಸುವ ಮೀಟರ್ ಇಲ್ಲ. ಅವರು ಸ್ಕ್ಯಾನರ್ ಹಾಕಿಕೊಟ್ಟರು, ಒಂದು ದಿನ ಹಾಗೇ ಓಡಿಸಿದೆ. ದಿನದಲ್ಲಿ ಮುಕ್ಕಾಲು ಪಾಲು ಹೊತ್ತು ಇಂಜಿನ್ 1500ರಿಂದ 3000ದೊಳಗೇ ತಿರುಗುತ್ತದೆ. ಈ ಕ್ಯಾಮ್ ಕೆಲಸ ಶುರು ಮಾಡುವುದೇ 3500 ದಾಟಿದ ಮೇಲೆ. ನಾನು ಎಂದೂ ಓಡಿಸದ ಜಾಗದಲ್ಲಿ ಪವರ್ ಕೂತಿತ್ತು.

ಈಗ ಬ್ರೇಕಿನ ವಿಷಯ. ಇದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

40 ಬಾಕ್ಸ್ ಟೊಮ್ಯಾಟೊ ಹಾಕಿಕೊಂಡು ಬೆಳಗಿನ ಜಾವ ಇಳಿಯುತ್ತಿದ್ದೆವು. ಪಕ್ಕದಲ್ಲಿ ಭಾವಮೈದ. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಕ್ಲಚ್ ಒತ್ತಿ ಬ್ರೇಕ್ ಹಿಡಿದೆ. ಸ್ವಲ್ಪ ಬಿಟ್ಟು ಮತ್ತೆ ಹಿಡಿದೆ. ಮೂರನೇ ಸಲ ಒತ್ತಿದಾಗ ಪೆಡಲ್ ಕಲ್ಲಾಗಿತ್ತು. ಕಾಲಿನ ಪೂರ್ತಿ ಬಲ ಹಾಕಿದರೂ ಕೆಳಗಿಳಿಯಲಿಲ್ಲ. “ಭಾವಾ, ಹ್ಯಾಂಡ್ ಬ್ರೇಕ್ ಎಳೀರಿ!” ಎಂದು ಅವನೇ ಕೂಗಿ, ನನಗಿಂತ ಮುಂಚೆ ಅವನೇ ಎಳೆದ. ಗಾಡಿ ಬಸ್ಸಿಗೆ ಒಂದು ಮಾರು ದೂರದಲ್ಲಿ ನಿಂತಿತು. ಮುಂದಿನ ಸಾಲಿನ ಬಾಕ್ಸುಗಳು ಕ್ಯಾಬಿನ್ನಿಗೆ ಬಡಿದು ಹಿಂದಿನ ಗಾಜಿನ ಮೇಲೆ ರಸ ಇಳಿಯುತ್ತಿತ್ತು. ಆ ದಿನ ಮಂಡಿಗೆ ಹೋಗುವವರೆಗೂ ಇಬ್ಬರೂ ಮಾತಾಡಲಿಲ್ಲ.

ಪೆಟ್ರೋಲ್ ಗಾಡಿಯಲ್ಲಿ ಬ್ರೇಕ್ ಬೂಸ್ಟರಿಗೆ (ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಭಾಗ) ಸಾಮಾನ್ಯವಾಗಿ ಇಂಜಿನ್ನಿನ ವ್ಯಾಕ್ಯೂಮೇ (ಇಂಜಿನ್ ಗಾಳಿ ಎಳೆಯುವಾಗ ಆಗುವ ಸೆಳೆತ) ಆಧಾರ. ರೇಸ್ ಕ್ಯಾಮಿನಲ್ಲಿ ಇನ್ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ತಿರುಗುವಾಗ) ಸುಟ್ಟ ಹೊಗೆ ವಾಪಸ್ ಇನ್ಟೇಕಿಗೆ ಬರುತ್ತದೆ, ವ್ಯಾಕ್ಯೂಮ್ ಬಿದ್ದು ಹೋಗುತ್ತದೆ. ವಿಡಿಯೋದಲ್ಲಿ ಕೇಳಿದ ಆ ಧಡ್ ಧಡ್ ಸದ್ದು ಇದೇ. ಗೇರಿನಲ್ಲಿ ಇಳಿಯುವಾಗ ಪರವಾಗಿಲ್ಲ, ಚಕ್ರವೇ ಇಂಜಿನ್ನನ್ನು ತಿರುಗಿಸುವುದರಿಂದ ವ್ಯಾಕ್ಯೂಮ್ ಬರುತ್ತದೆ. ಕ್ಲಚ್ ಒತ್ತಿದ ತಕ್ಷಣ ಇಂಜಿನ್ ಐಡಲ್‌ಗೆ ಇಳಿಯುತ್ತದೆ. ಆಗ ಎರಡು ಸಲ ಬ್ರೇಕ್ ಹಿಡಿದರೆ ಬೂಸ್ಟರ್ ಖಾಲಿ, ಮತ್ತೆ ಸಾಕಷ್ಟು ತುಂಬುವುದಿಲ್ಲ.

ಟೇಕಲ್ ರಸ್ತೆಯ ಮೆಕ್ಯಾನಿಕ್ ವ್ಯಾಕ್ಯೂಮ್ ಗೇಜ್ ಹಾಕಿ ತೋರಿಸಿದರು. ಸಮುದ್ರಮಟ್ಟದಲ್ಲಿ ಒಳ್ಳೆಯ ಇಂಜಿನ್ ಐಡಲ್‌ನಲ್ಲಿ ಸುಮಾರು 18ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ಸಾವಿರ ಅಡಿ ಎತ್ತರಕ್ಕೆ ಒಂದು ಇಂಚಿನಷ್ಟು ಕಡಿಮೆ. ಕೋಲಾರಕ್ಕೆ 16, 17 ಬಂದರೂ ಸರಿ. ನನ್ನದು 10. ಮುಳ್ಳು ನಿಲ್ಲದೆ ನಡುಗುತ್ತಿತ್ತು.

ಪೆಟ್ರೋಲ್ ಖರ್ಚಿಗೂ ಅದೇ ಕಾರಣ. ವ್ಯಾಕ್ಯೂಮ್ ಕಡಿಮೆ ಕಂಡರೆ ಇಂಜಿನ್ನಿನ ಕಂಪ್ಯೂಟರ್ ಲೋಡ್ ಬಿದ್ದಿದೆ ಎಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಲೀಟರಿಗೆ 15 ಕೊಡುತ್ತಿದ್ದ ಗಾಡಿ 10ಕ್ಕೆ ಇಳಿಯಿತು. ಚೆಕ್ ಇಂಜಿನ್ ಲೈಟ್ ಹತ್ತಿತು. ಎಮಿಷನ್ ಟೆಸ್ಟಿನಲ್ಲೂ ಫೇಲ್.

ಕೊನೆಗೆ ಮೇಲಿನ ಕವರ್ ಬಿಚ್ಚಿಸಿದೆವು. ಮೂರನೇ ಸಿಲಿಂಡರಿನ ಲೋಬ್ ಮೇಲೆ ಉಗುರು ಆಡಿಸಿದರೆ ತಡೆಯುತ್ತಿತ್ತು. ಗ್ರೈಂಡ್ ಮಾಡುವಾಗ ಮೇಲಿನ ಗಟ್ಟಿ ಪದರ ಸವೆದು ಹೋಗಿದ್ದಿರಬೇಕು ಎಂದರು. ಜೊತೆಗೆ, ಇಂಥ ಕ್ಯಾಮ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ 2000 ಆರ್‌ಪಿಎಂ ಮೇಲೆ 20 ನಿಮಿಷ ಓಡಿಸಬೇಕಂತೆ, ಲೋಬ್‌ಗೆ ಎಣ್ಣೆ ಚೆನ್ನಾಗಿ ಸಿಗಲಿ ಎಂದು. ನನ್ನ ಕಣ್ಣೆದುರಿಗೇ ಆ ಹುಡುಗ ಸದ್ದು ಕೇಳಿಸುವುದಕ್ಕೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟಿದ್ದ. ವಾಲ್ವ್ ಸ್ಪ್ರಿಂಗೂ ಹಳೆಯವೇ.

ನಾನು ಮಾಡಿದ ದೊಡ್ಡ ತಪ್ಪು ಯಾವುದು ಗೊತ್ತಾ? ಚೆನ್ನಾಗಿದ್ದ ಕಂಪನಿ ಕ್ಯಾಮನ್ನು ಗ್ರೈಂಡಿಂಗಿಗೆ ಕೊಟ್ಟಿದ್ದು. ವಾಪಸ್ ಹಾಕಿಸೋಣ ಎಂದರೆ ಹಾಕುವುದಕ್ಕೆ ಏನೂ ಇರಲಿಲ್ಲ. ಹೊಸ ಕ್ಯಾಮ್, ರಾಕರ್, ಕ್ಲಚ್ ಪ್ಲೇಟ್, ಲೇಬರ್ ಸೇರಿ 31,000. ಗ್ಯಾರೇಜಿನವರು ಒಂದು ರೂಪಾಯಿ ಕೊಡಲಿಲ್ಲ. ನಾನು ಓಡಿಸುವ ರೀತಿಯೇ ಸರಿಯಿಲ್ಲ ಎಂದರು.

ಇಷ್ಟಾದರೂ ಕ್ಯಾಮ್ ಬೇಕೇ ಬೇಕು ಎನ್ನುವವರು ಮೊದಲು ನಿಮ್ಮ ಗಾಡಿ ಲೋಡಿನಲ್ಲಿ ಎಷ್ಟು ಆರ್‌ಪಿಎಂನಲ್ಲಿ ಓಡುತ್ತದೆ ಎಂದು ಸ್ಕ್ಯಾನರಿನಲ್ಲಿ ನೋಡಿಸಿಕೊಳ್ಳಿ. ಕ್ಯಾಮಿನ ಅಳತೆ ಚೀಟಿ ಕೇಳಿ. ಅದರಲ್ಲಿ ಡ್ಯೂರೇಶನ್, ಲಿಫ್ಟ್ (ವಾಲ್ವ್ ಎಷ್ಟು ತೆರೆಯುತ್ತದೆ), ಯಾವ ಆರ್‌ಪಿಎಂನಿಂದ ಯಾವ ಆರ್‌ಪಿಎಂವರೆಗೆ ಕೆಲಸ ಮಾಡುತ್ತದೆ ಎಂಬುದು ಇರಲೇಬೇಕು. ಲೋಡ್ ಗಾಡಿಗೆ ಐಡಲ್ ದಾಟಿದ ಕೂಡಲೇ ಎಳೆಯುವ, ಡ್ಯೂರೇಶನ್ ಕಡಿಮೆ ಇರುವ ಕ್ಯಾಮೇ ಸರಿ. ಚೀಟಿ ಇಲ್ಲ ಎಂದರೆ ಎದ್ದು ಬನ್ನಿ. ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ಅಳೆದು ತೋರಿಸಲಿ. ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ ನಿಜ, ಆದರೆ ಪಿಸ್ಟನ್‌ಗೂ ವಾಲ್ವ್‌ಗೂ ನಡುವಿನ ಜಾಗ ಬಹಳ ಕಡಿಮೆ. ಅಲ್ಲಿ ಕೈ ಹಾಕಲೇಬೇಡಿ.

ನನ್ನ ಗಾಡಿ ಈಗ ಕಂಪನಿ ಕ್ಯಾಮಿನಲ್ಲಿ, 12 ಮೂಟೆ ಹೊತ್ತು, ಮತ್ತೆ ಎರಡನೇ ಗೇರಿನಲ್ಲಿ ಹತ್ತುತ್ತಿದೆ. ಗ್ರೈಂಡ್ ಮಾಡಿದ ಕ್ಯಾಮ್ ಸೀಟಿನ ಹಿಂದೆಯೇ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎಪಿಎಂಸಿ ಯಾರ್ಡಿಗೆ ಬರುವವರು ಕೇಳಿ, ತೋರಿಸುತ್ತೇನೆ. ಮೂರನೇ ಸಿಲಿಂಡರಿನ ಲೋಬ್ ಮೇಲೆ ನೀವೇ ಉಗುರು ಆಡಿಸಿ ನೋಡಿ.