ಬಿದಿರು ಗಳ, ಕೈಗಾಳ, ರೀಲು: ಹಿನ್ನೀರಿನಲ್ಲೂ ಕಡಲಿನಲ್ಲೂ ಹಿಡಿದು ನೋಡಿದ ಲೆಕ್ಕ

ಬಾಗಲಕೋಟೆ ನವನಗರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮೂಲೆಗೆ ಆನಿಸಿಟ್ಟ ಎಂಟು ಫೂಟಿನ ರಾಡು ಕಣ್ಣಿಗೆ ಬಿದ್ದರೆ ಸಾಕು, ಬಂದವರು ಪಂಪಿನ ಮಾತು ಬಿಟ್ಟು ಮೀನಿನ ಮಾತಿಗೆ ಇಳಿಯುತ್ತಾರೆ. "ಅಣ್ಣಾರ, ನಾನೂ ಒಂದ್ ರೀಲ್ ತಗೋಬೇಕಂತೇನಿ, ಎಷ್ಟರದ್ದು ತಗೊಳ್ಳಿ?" ಎಂಬುದು ಖಾಯಂ ಪ್ರಶ್ನೆ. ಬ್ಯಾಡ ಎಂದರೆ ನಂಬುವುದಿಲ್ಲ. ತಾನು ಇಟ್ಟುಕೊಂಡು ನಮಗೆ ಬ್ಯಾಡ ಅಂತಾನೆ ಎಂಬಂತೆ ಮುಖ ಮಾಡುತ್ತಾರೆ. ಎರಡು ವರ್ಷ ಮೂರನ್ನೂ ಹಿಡಿದು ನೋಡಿದ್ದೇನೆ. ನೋಡಿದ್ದನ್ನು ನೋಡಿದಂತೆ ಬರೆಯುತ್ತೇನೆ.

ಮೊದಲು ಬಿದಿರು ಗಳ. ಹನ್ನೆರಡು ಫೂಟಿನ ಬಿದಿರು, ಅದರಷ್ಟೇ ಉದ್ದದ ತಂಗೂಸ, ತುದಿಗೊಂದು ಸಣ್ಣ ಗಾಳ. ಬೆಂಡಿಗೆ ಜೋಳದ ದಂಟಿನ ಒಳತಿರುಳು. ಸಿಪ್ಪೆ ಸುಲಿದರೆ ಬೆರಳುದ್ದದ ತುಂಡು ಸಾಕು, ಅಂಗಡಿಯ ಪ್ಲಾಸ್ಟಿಕ್ ಬೆಂಡಿಗಿಂತ ಹಗುರ. ಇದರ ಸೀಸನ್ನು ಶ್ರಾವಣ, ಭಾದ್ರಪದ. ಆಲಮಟ್ಟಿ ಅಣೆಕಟ್ಟು ತುಂಬುತ್ತ ಬಂದು ನೀರು ಪೂರ್ಣಮಟ್ಟವಾದ 519.60 ಮೀಟರಿನ ಹತ್ತಿರ ಹೋದಾಗ ಘಟಪ್ರಭೆಯ ಹಿನ್ನೀರು ಹುಲ್ಲಿನ ಮೇಲೇರಿ ಜಾಲಿ ಗಿಡಗಳ ಬುಡಕ್ಕೆ ಬಂದು ನಿಲ್ಲುತ್ತದೆ. ಮೀನೂ ಅದರ ಜೊತೆಗೇ ಮೊಣಕಾಲುದ್ದದ ನೀರಿಗೆ ಬರುತ್ತದೆ. ದೂರ ಎಸೆಯುವ ಪ್ರಶ್ನೆಯೇ ಇಲ್ಲ. ಎರೆಹುಳು ಸಿಗಿಸಿ ಕಾಲ ಬುಡದಲ್ಲೇ ಇಳಿಬಿಟ್ಟರೆ ಜಿಲೇಬಿ ಮೀನು ಬರುತ್ತದೆ. ಬೆಂಡು ಮೊದಲು ನಡುಗುತ್ತದೆ, ಆಮೇಲೆ ಅಡ್ಡ ಸರಿಯುತ್ತದೆ. ನಡುಗಿದಾಗ ಎಳೆದರೆ ಹುಳ ಹೋಯಿತು, ಸರಿದಾಗ ಎಳೆದರೆ ಮೀನು ಬಂತು. ನನ್ನ ಮಗಳು ಇದನ್ನು ಒಂದು ಸಂಜೆಯಲ್ಲಿ ಕಲಿತಳು, ನನಗೆ ಒಂದು ವಾರ ಹಿಡಿಯಿತು. ದೀಪಾವಳಿ ದಾಟಿ ನೀರು ಹಿಂದೆ ಸರಿಯತೊಡಗಿದರೆ ಗಳ ಅಟ್ಟ ಸೇರಬೇಕು. ದೊಡ್ಡ ಮೀನು ಅದರ ಅಳತೆಗೆ ಸಿಗುವುದಿಲ್ಲ.

ಕೈಗಾಳ ಕಲಿಸಿದ್ದು ಹಳೇ ಬಾಗಲಕೋಟೆಯ ಅಂಬಿಗರ ಕಾಕಾ ಒಬ್ಬರು. ಖಾಲಿ ನೀರಿನ ಬಾಟಲಿಗೆ ನೂರು ಮೀಟರ್ ತಂಗೂಸ ಸುತ್ತಿ, ತುದಿಗೆ ಸೀಸದ ಗುಂಡು, ಅದರ ಮೇಲೆ ಮೂರು ಗಾಳ. ಒಟ್ಟು ಖರ್ಚು ನೂರೈವತ್ತು ರೂಪಾಯಿ. ಶೇಂಗಾ ಹಿಂಡಿಯನ್ನು ನೆನೆಸಿ, ಗೋಧಿ ಹಿಟ್ಟಿನ ಕಣಕ ಸೇರಿಸಿ, ಚೂರು ಬೆಲ್ಲ ಹಾಕಿ ನಾದಿ ಉಂಡೆ ಕಟ್ಟುವುದು. ಮನೆಯಲ್ಲಿ ಜೋಳದ ಹಿಟ್ಟು ಬೇಕಾದಷ್ಟಿದೆ ಎಂದು ಅದರಲ್ಲೇ ನಾದಿ ಒಯ್ದಿದ್ದೆ. ನೀರಿಗೆ ಬಿದ್ದ ಕೂಡಲೇ ಬಿಚ್ಚಿಹೋಯಿತು. "ತಮ್ಮಾ, ಜ್ವಾಳದ ಹಿಟ್ಟಿಗೆ ಜಿಗಿ ಇರೂದಿಲ್ಲ, ರೊಟ್ಟಿ ಬಡಿಯೂ ಮುಂದ ನಿಮ್ಮವ್ವ ಬಿಸಿನೀರು ಯಾಕ ಹಾಕ್ತಿದ್ಳು ನೋಡಿಲ್ಲೇನು?" ಎಂದು ಕಾಕಾ ನಕ್ಕರು. ಗೋಧಿಯದು ಹಾಗಲ್ಲ, ಉಂಡೆ ನಿಧಾನಕ್ಕೆ ಕರಗುತ್ತ ಹಿಂಡಿಯ ವಾಸನೆಯನ್ನು ಸುತ್ತಲೂ ಬಿಡುತ್ತದೆ. ಆ ವಾಸನೆಗೆ ಬಂದ ಮೀನು ಉಂಡೆಯೊಳಗಿನ ಗಾಳವನ್ನೂ ಹೀರುತ್ತದೆ.

ತಳಕ್ಕೆ ಬಿಟ್ಟ ಉಂಡೆಗೆ ನನಗೆ ಹೆಚ್ಚಾಗಿ ಸಿಕ್ಕಿದ್ದು ಮೃಗಾಲ್, ಆಗೊಮ್ಮೆ ಈಗೊಮ್ಮೆ ರೋಹು. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನಲ್ಲಿ ಮೇಯುವ ಮೀನು. ಅದು ಬೇಕೆಂದರೆ ಬೆಂಡು ಕಟ್ಟಿ ಉಂಡೆಯನ್ನು ಮೇಲೆ ತೂಗುಬಿಡಬೇಕು. ಕೈಗಾಳದ ಸೊಗಸು ಇರುವುದು ತೋರುಬೆರಳಿನಲ್ಲಿ. ಕಾಕಾ ಆ ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಏರಿಸಿಕೊಂಡು ಅದರ ಮೇಲೆ ತಂಗೂಸ ಹಾಯಿಸುತ್ತಾರೆ. ಟ್ಯೂಬು ಯಾಕೆಂದು ನನಗೆ ತಿಳಿದದ್ದು ಎರಡು ಕಿಲೋದ ರೋಹು ಓಡಿದಾಗ. ಬೆರಳು ಬ್ಲೇಡು ಎಳೆದಂತೆ ಸೀಳಿತು. ಒಂದು ವಾರ ತಾಮ್ರದ ತಂತಿ ಸುತ್ತಲು ಬರಲಿಲ್ಲ, ಅಂಗಡಿಯಲ್ಲಿ ಮೂರು ಮೋಟಾರು ಹಾಗೇ ಬಿದ್ದಿದ್ದವು.

ಇನ್ನು ರೀಲು. ರಾಡು ಸೇರಿ 2,800 ರೂಪಾಯಿ ಕೊಟ್ಟೆ. ಕೈಗಾಳವನ್ನು ಬೀಸಿ ಎಸೆದರೆ ಇಪ್ಪತ್ತೈದು ಮೀಟರ್ ಹೋದೀತು, ಇದು ಆರಾಮಾಗಿ ಐವತ್ತು ದಾಟುತ್ತದೆ. ಮೀನು ಜೋರಾಗಿ ಎಳೆದರೆ ಡ್ರ್ಯಾಗ್, ಅಂದರೆ ರೀಲಿನೊಳಗಿನ ಬ್ರೇಕು, ಜಾರಿ ದಾರ ಬಿಡುತ್ತದೆ, ಹರಿಯುವುದಿಲ್ಲ. ದಾರ ತಾಳುವ ಭಾರದ ನಾಲ್ಕನೇ ಒಂದು ಪಾಲಿಗೆ ಅದನ್ನು ಬಿಗಿ ಮಾಡಿಟ್ಟುಕೊಳ್ಳಬೇಕು. ಕೇಳಲು ಎಲ್ಲ ಚಂದ. ಆದರೆ ನಮ್ಮ ಹಿನ್ನೀರಿನ ತಳದಲ್ಲಿ ಏನಿದೆ? ಮುಳುಗಿದ ಹೊಲ, ಅದರ ಬದುವಿನ ಜಾಲಿ ಬೊಡ್ಡೆ, ಹಳೇ ಊರಿನ ಕಡೆ ಹೋದರೆ ಗೋಡೆಯ ಕಲ್ಲು. ದೂರ ಎಸೆದಷ್ಟೂ ದೂರದಿಂದ ಎಳೆದು ತರಬೇಕು, ದಾರಿಯುದ್ದಕ್ಕೂ ಸಿಕ್ಕಿಕೊಳ್ಳುತ್ತದೆ. ಮೊದಲ ದಿನವೇ ಮುನ್ನೂರು ರೂಪಾಯಿಯ ಮೂರು ನಕಲಿ ಮೀನು ತಳ ಸೇರಿದವು. ಕೈಗಾಳ ಸಿಕ್ಕಿದರೆ ಹೋಗುವುದು ಐದು ರೂಪಾಯಿಯ ಗಾಳ.

ಇದಕ್ಕಿಂತ ಕೆಟ್ಟದ್ದೂ ಒಂದು ನಡೆಯಿತು. ಒಂದು ಸಂಜೆ ದೂರಕ್ಕೆ ಎಸೆದದ್ದು ಯಾರದೋ ಬೀಡುಬಲೆಗೆ ಸಿಕ್ಕಿತು. ನಾನು ದೊಡ್ಡ ಮೀನೆಂದು ತಿಳಿದು ರಾಡು ಬಾಗಿಸಿ ಎಳೆದೇ ಎಳೆದೆ. ತೆಪ್ಪದವನು ಬಂದು ನೋಡುವಷ್ಟರಲ್ಲಿ ಒಂದು ಮಾರು ಬಲೆ ಹರಿದಿತ್ತು. ಅದು ಅವನ ಅನ್ನ, ನನ್ನದು ರವಿವಾರದ ಆಟ. ದುಡ್ಡು ಕೊಟ್ಟು ಬಂದೆ, ಆಮೇಲೆ ಆ ದಂಡೆಗೆ ರೀಲು ಒಯ್ಯಲಿಲ್ಲ.

ರೀಲಿಗೆ ನಮ್ಮಲ್ಲಿ ಒಂದೇ ಒಂದು ಜಾಗ ಸಿಕ್ಕಿತು, ಪಾಚಿ ಮುಚ್ಚಿದ ಕೆರೆ. ರಬ್ಬರ್ ಕಪ್ಪೆಯನ್ನು ಪಾಚಿಯ ಮೇಲೆ ಕುಪ್ಪಳಿಸುತ್ತ ತಂದರೆ ಕೊರವ ಮೀನು ಧಡ್ ಎಂದು ಬಂದು ಬೀಳುತ್ತದೆ. ಅದು ಉಸಿರಿಗೆಂದು ಆಗಾಗ ಮೇಲೆ ಬರುವ ಮೀನು, ಕಣ್ಣಿಟ್ಟು ನೋಡಿದರೆ ಎಲ್ಲಿದೆ ಎಂದು ತಿಳಿಯುತ್ತದೆ. ಕೆಂಪು ಮರಿಗಳ ಗುಂಪು ಕಂಡಲ್ಲಿ ಮಾತ್ರ ಎಸೆಯಬೇಡಿ, ಕೆಳಗೆ ಕಾವಲು ನಿಂತದ್ದು ಅವುಗಳ ತಾಯಿತಂದೆ. ಕೆರೆಗಳನ್ನು ಮೀನಿಗೆ ಗುತ್ತಿಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರನನ್ನು ಕೇಳದೆ ಇಳಿಯುವುದೂ ಬೇಡ.

ಹಾಗಾದರೆ ರೀಲು ದಂಡವೇ? ಅದನ್ನು ತಿಳಿಯಲು ಕಡಲಿಗೇ ಹೋಗಬೇಕಾಯಿತು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಕಡಲು ಸೇರುವ ಕಡೆ ಒಂದು ಸಣ್ಣ ಊರು, ಅಲ್ಲಿ ಹದಿನೈದಿಪ್ಪತ್ತು ಜನ ಸೇರಿ ಗಾಳದ ಕ್ಲಬ್ಬು ಮಾಡಿಕೊಂಡಿದ್ದಾರೆ. ಪಂಪಿನ ಗಿರಾಕಿಯೊಬ್ಬರ ಅಳಿಯ ಅದರ ಸದಸ್ಯ. ಅಮಾವಾಸ್ಯೆಗೆ ಬನ್ನಿ, ನೀರು ಚೆನ್ನಾಗಿ ಏರುತ್ತದೆ ಅಂದರು. ಅದು ಎಳ್ಳಮಾಸಿ! ಮಂದಿಯೆಲ್ಲ ಹೊಲಕ್ಕೆ ಚರಗ ಚೆಲ್ಲಲು ಹೊರಟ ದಿನ ನಾನು ರಾಡು ಹೆಗಲಿಗೇರಿಸಿ ಬಸ್ಸು ಹತ್ತಿದೆ. ಮನೆಯಾಕೆ ಸಜ್ಜಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು, ಮಾತು ಮಾತ್ರ ಆಡಲಿಲ್ಲ.

ಅಲ್ಲಿ ರೀಲು ರಾಜ. ಅಲೆ ಒಡೆಯುವ ಗೆರೆಯಾಚೆ ಗಾಳ ಬೀಳಬೇಕು, ಗಳವೂ ಕೈಯೂ ಅಲ್ಲಿಗೆ ಮುಟ್ಟುವುದಿಲ್ಲ. ಸೀಸವೂ ಬೇರೆ. ತಂತಿಯ ನಾಲ್ಕು ಕಾಲಿರುವ ಸೀಸ ಉಸುಕಿನಲ್ಲಿ ಕಾಲೂರಿ ನಿಲ್ಲುತ್ತದೆ, ನಮ್ಮ ಗುಂಡು ಸೀಸ ಉರುಳಿಕೊಂಡು ದಂಡೆಗೇ ವಾಪಸು ಬಂತು. ಸಿಗಡಿ ಸಿಗಿಸಿ (ಅವರು ಶೆಟ್ಲಿ ಅನ್ನುತ್ತಾರೆ) ಎಸೆದರೆ ಕಾಣೆ ಮೀನು ಬಂತು, ಒಂದು ಕೊಕ್ಕರ ಮೀನೂ ಬಂತು. ಗೇಣಿಗಿಂತ ಸಣ್ಣದು ಬಂದರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡುತ್ತಾರೆ, ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಹೋಗುತ್ತದಂತೆ. ಈ ಒಂದನ್ನು ನಾನು ಊರಿಗೂ ತಂದಿದ್ದೇನೆ. ಕೈಗಾಳ ಜೆಟ್ಟಿಯ ಮೇಲಿಂದ ಪರವಾಗಿಲ್ಲ ಅನಿಸಿತು. ಬಿದಿರು ಒಯ್ದಿರಲಿಲ್ಲ, ಒಯ್ಯದ್ದೇ ಒಳ್ಳೆಯದಾಯಿತು.

ಹೊಳೆ ಬಾಯಲ್ಲಿ ಕೂತು ಅವರು ಗಾಳಕ್ಕಿಂತ ಹೆಚ್ಚು ನೀರನ್ನೇ ನೋಡುತ್ತಿದ್ದರು. ಭರತ (ಕಡಲಿನ ಉಬ್ಬರ) ದಿನಕ್ಕೆ ಎರಡು ಸಲ, ಪ್ರತಿ ದಿನ ಸುಮಾರು 50 ನಿಮಿಷ ತಡ. ನೀರು ತಿರುಗುವ ಆಚೀಚೆ ಒಂದು ತಾಸು ಮೀನು ಕಚ್ಚುತ್ತದೆ, ಉಳಿದ ಹೊತ್ತು ಚಹಾ. ನಾನು ಆಲಮಟ್ಟಿಯ ಕಥೆ ಹೇಳಿದೆ. ಆ ಅಳಿಯ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾರೆ ನಿಮ್ದೂ ಭರತವೇ ಅಲ್ವ ಸಾರ್, ವರ್ಷಕ್ಕೆ ಒಂದೇ ಸಲ ಬರ್ತದೆ ಅಷ್ಟೇ" ಅಂದ.

ಆ ಮಾತು ಹಿಡಿದುಕೊಂಡೇ ಊರಿಗೆ ಬಂದೆ. ಈಗ ಮಳೆಗಾಲದ ಏರುನೀರಿಗೆ ಗಳ, ಚಳಿಗಾಲದ ಇಳಿನೀರಿಗೆ ಕೈಗಾಳ. ಬೇಸಿಗೆಯಲ್ಲಿ ಎರಿಮಣ್ಣಿನ ಕೆಸರು ಮೊಣಕಾಲು ನುಂಗುತ್ತದೆ, ಆಗ ಮನೆಯಲ್ಲೇ ಇರುವುದು. ಅಣೆಕಟ್ಟನ್ನು 524.256 ಮೀಟರಿಗೆ ಏರಿಸಿದರೆ ನಾನು ಕೂಡುವ ಕಲ್ಲೂ ಮುಳುಗೀತು, ಆಗ ಲೆಕ್ಕ ಮತ್ತೆ ಹಾಕಬೇಕು.

ರೀಲಿನದು ಒಂದು ಮಾತು ಉಳಿಯಿತು. ಉಪ್ಪುನೀರು ಮುಟ್ಟಿದ ಮೇಲೆ ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆಯಬೇಕು ಎಂದು ಕ್ಲಬ್ಬಿನವರು ಎರಡು ಸಲ ಹೇಳಿದ್ದರು. ಬಸ್ಸಿನ ಗಡಿಬಿಡಿಯಲ್ಲಿ ಹಾಗೇ ಚೀಲಕ್ಕೆ ಹಾಕಿದೆ. ಹತ್ತು ದಿನ ಬಿಟ್ಟು ಹಿಡಿಕೆ ತಿರುಗಿಸಿದರೆ ಜಪ್ಪಯ್ಯ ಅನ್ನಲಿಲ್ಲ. ಬಿಚ್ಚಿ ನೋಡಿದೆ, ಬೇರಿಂಗು ಜಂಗು ಹಿಡಿದು ಕಲ್ಲಾಗಿತ್ತು. ದಿನಾ ಮಂದಿಯ ಪಂಪಿನ ಬೇರಿಂಗ್ ಬದಲಿಸುವ ನನಗೆ ಆ ಶೇಂಗಾಕಾಳಿನಷ್ಟು ಬೇರಿಂಗ್ ಬಾಗಲಕೋಟೆಯಲ್ಲಿ ಎಲ್ಲೂ ಸಿಕ್ಕಿಲ್ಲ. ತಂಗೂಸ ಹೊಸದಿತ್ತು, ಅದನ್ನು ಬಿಚ್ಚಿ ಬಾಟಲಿಗೆ ಸುತ್ತಿಕೊಂಡೆ. ಅಂಗಡಿಯ ಮೂಲೆಯಲ್ಲಿ ನಿಂತ ರಾಡಿನ ಮೇಲೆ ಈಗ ದಾರವೇ ಇಲ್ಲ. ಬೆಲೆ ಕೇಳುವವರು ಯಾರೂ ಇನ್ನೂ ಅದನ್ನು ಗಮನಿಸಿಲ್ಲ.